‘ಟೇಕ್ ಕೇರ್’ ಎನ್ನುವ ಮುನ್ನ: ಆರೈಕೆಯ ಮಾತುಗಳ ಹಳೆಯ ಅರ್ಥಗಳು



ಊರಿಗೆ ಫೋನ್ ಮಾಡಿ ಮಾತು ಮುಗಿಸುವಾಗ ನೀವು ಕೊನೆಯದಾಗಿ ಏನು ಹೇಳುತ್ತೀರಿ? ಒಮ್ಮೆ ನೆನಪಿಸಿಕೊಳ್ಳಿ. ನಮ್ಮಲ್ಲಿ ಬಹಳಷ್ಟು ಮಂದಿ ‘ಸರಿ ಅಮ್ಮಾ, ಟೇಕ್ ಕೇರ್’ ಎಂದು ಹೇಳಿಯೇ ಫೋನ್ ಇಡುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಅದರ ಅರ್ಥ ‘ನಿನ್ನ ಕಾಳಜಿಯನ್ನು ನೀನೇ ತೆಗೆದುಕೋ’ ಎಂದಾಗುತ್ತದೆ. ಎಪ್ಪತ್ತೈದು ದಾಟಿದ ತಾಯಿಗೆ, ಮೊಣಕಾಲು ನೋವಿನ ತಂದೆಗೆ, ಸಮುದ್ರದ ಈಚೆ ಕುಳಿತು ನಾವು ಹೇಳುತ್ತಿರುವುದು ಇದನ್ನೇ.

ಈ ಒಂದು ಮಾತಿನ ಬೆನ್ನು ಹತ್ತಿ ಹೊರಟಾಗ ನನಗೆ ಸಿಕ್ಕ ಕೆಲವು ಪದಗಳ ಚರಿತ್ರೆಯನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ಆರೈಕೆಗೆ ಸಂಬಂಧಿಸಿದ ಹಳೆಯ ಇಂಗ್ಲಿಷ್ ಪದಗಳು, ಅವುಗಳ ಎದುರಿಗೆ ನಮ್ಮ ಕನ್ನಡದ ಪದಗಳು. ಪಂಪ ಮಹಾಕವಿ 941ರ ಸುಮಾರಿಗೆ ತನ್ನ ಕಾವ್ಯಗಳನ್ನು ಬರೆದನಲ್ಲ, ಆ ಹೊತ್ತಿಗೆ ಇಂಗ್ಲೆಂಡಿನ ಜನ ಆಡುತ್ತಿದ್ದ ಭಾಷೆಯೇ ಹಳೆಯ ಇಂಗ್ಲಿಷ್. ಹಳಗನ್ನಡವನ್ನು ನಾವು ಹೇಗೆ ಪಾಠ ಹೇಳಿಸಿಕೊಂಡು ಓದಬೇಕೋ ಹಾಗೆಯೇ ಇಂದಿನ ಇಂಗ್ಲಿಷರೂ ಅದನ್ನು ಕಲಿತೇ ಓದಬೇಕು.

ಮೊದಲು ‘ಕೇರ್’ ಪದವನ್ನೇ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಕರು’. ನಮ್ಮ ಕೊಟ್ಟಿಗೆಯ ಕರುವಿಗೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರ ಮಾತ್ರ ಹತ್ತಿರ. ಅಂದು ಅದರ ಅರ್ಥ ಆರೈಕೆ ಅಲ್ಲವೇ ಅಲ್ಲ. ದುಃಖ, ಶೋಕ, ಮನಸ್ಸನ್ನು ತಿನ್ನುವ ಚಿಂತೆ. ಇದೇ ಬೇರಿನ ಪದ ಜರ್ಮನ್ ಭಾಷೆಯಲ್ಲಿ ಇಂದಿಗೂ ಒಂದು ಕಡೆ ಉಳಿದಿದೆ. ನಾವು ‘ಗುಡ್ ಫ್ರೈಡೇ’ ಎನ್ನುವ ದಿನವನ್ನು ಜರ್ಮನರು ‘ಕಾರ್‌ಫ್ರೈಟಾಗ್’ ಎನ್ನುತ್ತಾರೆ, ಎಂದರೆ ಶೋಕದ ಶುಕ್ರವಾರ. ಇಂಗ್ಲೆಂಡಿನ ಉತ್ತರ ಭಾಗದಲ್ಲೂ ಈಸ್ಟರ್‌ಗೆ ಎರಡು ವಾರ ಮೊದಲು ಬರುವ ಭಾನುವಾರವನ್ನು ‘ಕೇರ್ ಸಂಡೇ’ ಎಂದು ಕರೆಯುವ ರೂಢಿಯಿತ್ತು. ಅದು ಆರೈಕೆಯ ಭಾನುವಾರವಲ್ಲ, ದುಃಖದ ಭಾನುವಾರ.

ದುಃಖ ಎಂಬ ಅರ್ಥದಿಂದ ಆರೈಕೆ ಎಂಬ ಅರ್ಥಕ್ಕೆ ಪದ ಹೇಗೆ ಬಂತು? ದಾರಿ ಸುಲಭವಾಗಿಯೇ ಕಾಣುತ್ತದೆ. ಯಾರ ಬಗ್ಗೆ ನಮಗೆ ಚಿಂತೆ ಇದೆಯೋ ಅವರನ್ನು ನಾವು ನೋಡಿಕೊಳ್ಳುತ್ತೇವೆ. ಎದೆಯೊಳಗಿನ ಸಂಕಟ ಕೈಯ ಕೆಲಸವಾಗಿ ಹೊರಗೆ ಬರುತ್ತದೆ.

ನಮ್ಮ ‘ಕಾಳಜಿ’ ಕೂಡ ಇದೇ ದಾರಿಯಲ್ಲಿ ನಡೆದ ಪದ. ಅದು ಮರಾಠಿಯಿಂದ ನಮಗೆ ಬಂದದ್ದು, ಅಲ್ಲಿ ಅದರ ಮೊದಲ ಅರ್ಥ ಚಿಂತೆ. ಮರಾಠಿಯಲ್ಲಿ ‘ಕಾಳೀಜ್’ ಎಂದರೆ ಹೃದಯ, ಅದೇ ಪದದ ಮನೆಯವಳು ಈ ಕಾಳಜಿ. ನಮ್ಮ ಬೆಳಗಾವಿ, ಧಾರವಾಡದ ಕಡೆಯವರು ‘ನೀ ಏನೂ ಕಾಳಜಿ ಮಾಡಬ್ಯಾಡ’ ಎಂದರೆ ‘ಚಿಂತೆ ಮಾಡಬೇಡ’ ಎಂದೇ ಅರ್ಥ. ಮೈಸೂರು ಸೀಮೆಯವರು ಅದೇ ಪದವನ್ನು ‘ಕಾಳಜಿ ವಹಿಸಿ’ ಎಂದು ಆರೈಕೆಯ ಅರ್ಥದಲ್ಲಿ ಬಳಸುತ್ತಾರೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನ ಅರ್ಥ, ಇಂದಿನ ಇಂಗ್ಲಿಷಿನ ಅರ್ಥ, ಎರಡೂ ಒಂದೇ ಕನ್ನಡ ಪದದಲ್ಲಿ ಜೊತೆಯಾಗಿ ಬದುಕಿವೆ ನೋಡಿ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ‘ಕೇರ್’ ಮತ್ತು ‘ಕ್ಯೂರ್’ ಒಂದೇ ಮೂಲದವು ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. ಗುಣಪಡಿಸುವುದು ಎಂಬ ಅರ್ಥದ ‘ಕ್ಯೂರ್’ ಲ್ಯಾಟಿನ್ ಭಾಷೆಯ ‘ಕೂರಾ’ ಎಂಬ ಬೇರೆಯೇ ಪದದಿಂದ ಬಂದದ್ದು. ಕೂರಾ ಎಂದರೂ ಚಿಂತೆ, ನಿಗಾ ಎಂದೇ ಅರ್ಥ. ಆದರೆ ವಂಶ ಬೇರೆ. ಈ ಕೂರಾದ ಇಬ್ಬರು ಮಕ್ಕಳನ್ನು ನೋಡಬೇಕಾದರೆ ನೀವು ದುಬೈನ ಅಲ್ ಕೂಜ್‌ಗೆ ಬಂದರೆ ಸಾಕು.

ಅಲ್ ಕೂಜ್ ಎಂದರೆ ಅರಬ್ಬಿಯಲ್ಲಿ ಮರಳಿನ ದಿಬ್ಬ. ಈಗ ದಿಬ್ಬಗಳಿಲ್ಲ, ಗೋದಾಮುಗಳು, ಗ್ಯಾರೇಜುಗಳು, ಕಾರ್ಖಾನೆಗಳು, ಕಾರ್ಮಿಕರ ವಸತಿಗಳು ಇವೆ. ಇವುಗಳ ನಡುವೆಯೇ ಹಳೆಯ ಗೋದಾಮುಗಳ ಸಾಲಿನಲ್ಲಿ ಅಲ್‌ಸರ್ಕಾಲ್ ಅವೆನ್ಯೂ ಎಂಬ ಕಲಾ ಗ್ಯಾಲರಿಗಳ ತಾಣವೂ ಇದೆ. ಗ್ಯಾಲರಿಯೊಳಗೆ ಚಿತ್ರಗಳ ಜವಾಬ್ದಾರಿ ಹೊತ್ತವರು ‘ಕ್ಯುರೇಟರ್’. ಪಕ್ಕದ ಗೋದಾಮಿನ ಬಾಗಿಲಲ್ಲಿ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರು ‘ಸೆಕ್ಯುರಿಟಿ’. ಇಬ್ಬರ ಹೆಸರೂ ಕೂರಾದಿಂದಲೇ ಬಂದದ್ದು. ಕ್ಯುರೇಟರ್ ಎಂದರೆ ನಿಗಾ ವಹಿಸುವವರು. ‘ಸೆಕ್ಯೂರ್’ ಎಂದರೆ ಕೂರಾ ಇಲ್ಲದ ಸ್ಥಿತಿ, ನಿಶ್ಚಿಂತೆ. ಮಾಲೀಕರು ನಿಶ್ಚಿಂತೆಯಿಂದ ನಿದ್ದೆ ಮಾಡಲಿ ಎಂದು ಅವರ ಚಿಂತೆಯನ್ನು ರಾತ್ರಿಯಿಡೀ ತಾನು ಹೊತ್ತು ಕೂರುವವನೇ ಸೆಕ್ಯುರಿಟಿ. ಒಬ್ಬರ ನಿಶ್ಚಿಂತೆಯ ಹಿಂದೆ ಇನ್ನೊಬ್ಬರು ಎಚ್ಚರವಾಗಿರುತ್ತಾರೆ ಎಂಬುದು ಈ ಪದದೊಳಗೇ ಇದೆ.

ಈಗ ‘ನರ್ಸ್’ ಪದಕ್ಕೆ ಬರೋಣ. ಲ್ಯಾಟಿನ್ನಿನಲ್ಲಿ ಉಣಿಸು, ಹಾಲೂಡು ಎಂಬ ಅರ್ಥದ ಕ್ರಿಯಾಪದವೊಂದಿದೆ. ‘ನ್ಯೂಟ್ರಿಷನ್’, ‘ನರ್ಸರಿ’ ಎಲ್ಲವೂ ಅದೇ ಬಳ್ಳಿಯ ಕಾಯಿಗಳು. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ನರ್ಸ್ ಎಂದರೆ ಬೇರೆಯವರ ಮಗುವಿಗೆ ಎದೆಹಾಲು ಕೊಟ್ಟು ಸಾಕುವ ಹೆಂಗಸು. ರೋಗಿಗಳನ್ನು ನೋಡಿಕೊಳ್ಳುವವರು ಎಂಬ ಅರ್ಥ ಸೇರಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ನಮ್ಮ ‘ದಾದಿ’ಯ ಕಥೆಯೂ ಇದೇ. ಸಂಸ್ಕೃತದ ‘ಧಾತ್ರಿ’ ಕನ್ನಡದಲ್ಲಿ ತದ್ಭವವಾಗಿ ದಾದಿಯಾಯಿತು. ಧಾತ್ರಿ ಎಂದರೆ ಹಾಲುಣಿಸುವ ತಾಯಿ, ಭೂಮಿಗೂ ಅದೇ ಹೆಸರು. ಇಂದು ಆಸ್ಪತ್ರೆಯಲ್ಲಿ ಬಿಳಿ ಉಡುಪಿನಲ್ಲಿ ಓಡಾಡುವ ದಾದಿಯ ಹೆಸರಿನೊಳಗೆ ಎದೆಹಾಲಿನ ನೆನಪಿದೆ.

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ಕೂಡ ಈ ಪದ ಸಮಾಧಾನ ತಂದಿರಲಿಲ್ಲ. 1859ರಲ್ಲಿ ಬಂದ ಅವರ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದ ಆರಂಭದಲ್ಲೇ, ಇದಕ್ಕಿಂತ ಒಳ್ಳೆಯ ಪದ ಇಲ್ಲದ ಕಾರಣಕ್ಕೆ ಇದನ್ನು ಬಳಸುತ್ತಿದ್ದೇನೆ ಎಂಬ ಅರ್ಥದಲ್ಲಿ ಅವರು ಹೇಳುತ್ತಾರೆ. ಔಷಧಿ ಕೊಡುವುದು, ಪಟ್ಟು ಹಾಕುವುದಕ್ಕಷ್ಟೇ ಆ ಪದ ಸೀಮಿತವಾಗಿಬಿಟ್ಟಿದೆ. ಶುದ್ಧ ಗಾಳಿ, ಬೆಳಕು, ಬಿಸುಪು, ಶುಚಿತ್ವ, ನಿಶ್ಶಬ್ದ, ಹೊತ್ತಿಗೆ ಸರಿಯಾದ ಆಹಾರ ಎಲ್ಲವೂ ಅದರಲ್ಲಿ ಸೇರಬೇಕು ಎಂಬುದು ಅವರ ವಾದ. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ವಾದಿಸಿ ಹೇಳಬೇಕಾಗಿರಲಿಲ್ಲ. ಅವರ ಬಳಿ ‘ಬಾಣಂತನ’ ಎಂಬ ಒಂದೇ ಪದ ಇತ್ತು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯದ ಅಡುಗೆ, ಅಂಟಿನುಂಡೆ, ತಲೆಗೆ ಕಟ್ಟುವ ಬಟ್ಟೆ, ಕಿವಿಗೆ ಹತ್ತಿ, ಕತ್ತಲೆ ಕೋಣೆಯ ನಿದ್ದೆ ಎಲ್ಲವೂ ಅದರೊಳಗಿತ್ತು. ಇದಕ್ಕೆ ಸಮನಾದ ಒಂದೇ ಇಂಗ್ಲಿಷ್ ಪದವನ್ನು ನೀವು ಹುಡುಕಿ ನೋಡಿ, ಸಿಗುವುದಿಲ್ಲ.

ಹೆರಿಗೆಯ ಮನೆಯ ಇನ್ನೂ ಎರಡು ಇಂಗ್ಲಿಷ್ ಪದಗಳನ್ನು ಹೇಳಲೇಬೇಕು. ಒಂದು ‘ಮಿಡ್‌ವೈಫ್’. ಹಳೆಯ ಇಂಗ್ಲಿಷಿನಲ್ಲಿ ‘ಮಿಡ್’ ಎಂದರೆ ಜೊತೆ, ‘ವೀಫ್’ ಎಂದರೆ ಹೆಂಗಸು. ಜೊತೆಗಿರುವ ಹೆಂಗಸು, ಅಷ್ಟೇ. ಏನನ್ನೋ ಮಾಡುವವಳು ಎಂದಲ್ಲ, ಜೊತೆಗೆ ಇರುವವಳು ಎಂದು. ಇನ್ನೊಂದು ‘ಗಾಸಿಪ್’. ನಗಬೇಡಿ! ಅದರ ಹಳೆಯ ರೂಪ ‘ಗಾಡ್‌ಸಿಬ್’, ಎಂದರೆ ಮಗುವಿನ ಜ್ಞಾನಸ್ನಾನದ ಹೊತ್ತಿನಲ್ಲಿ ಹೊಣೆ ಹೊರುವ ಆತ್ಮೀಯ ಬಂಧು. ಮುಂದೆ ಹೆರಿಗೆಯ ಸಮಯದಲ್ಲಿ ಕೋಣೆಯೊಳಗೆ ಜೊತೆಗಿರುತ್ತಿದ್ದ ಗೆಳತಿಯರನ್ನೂ ಹಾಗೆ ಕರೆದರು. ಆ ಹೆಂಗಸರು ಆಡುವುದೆಲ್ಲ ಹರಟೆ ಎಂದು ಹೊರಗಿನವರು ತೀರ್ಮಾನಿಸಿದ ಮೇಲೆ ಗಾಸಿಪ್ ಎಂದರೆ ಕಾಡುಹರಟೆಯಾಯಿತು. ರಾತ್ರಿಯಿಡೀ ಕೈ ಹಿಡಿದು ಕೂತವರ ಹೆಸರಿಗೆ ಇಂಥ ಗತಿ ಬಂತು.

ನಮ್ಮ ‘ಸೂಲಗಿತ್ತಿ’ಗೆ ಅಂಥ ಗತಿ ಬರಲಿಲ್ಲ. ಹಳಗನ್ನಡದಲ್ಲಿ ‘ಸೂಲ್’ ಎಂದರೆ ಹೆರಿಗೆ. ಆ ಪದವನ್ನು ನಮ್ಮ ಕಾಲದಲ್ಲಿ ದೇಶಕ್ಕೆಲ್ಲ ಕೇಳಿಸಿದವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ನರಸಮ್ಮ. 1920ರಲ್ಲಿ ಹುಟ್ಟಿದ ಅವರು ಅಜ್ಜಿಯಿಂದ ಈ ವಿದ್ಯೆ ಕಲಿತು, ವೈದ್ಯಕೀಯ ಸೌಲಭ್ಯವಿಲ್ಲದ ಹಳ್ಳಿಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ‘ಸೂಲಗಿತ್ತಿ’ ಎಂಬುದು ಅವರ ಹೆಸರಿನ ಮುಂದೆ ಬಿರುದಿನಂತೆ ನಿಂತಿತು.

ಮನೆಯ ಕೋಣೆಯಿಂದ ಹೊರಗೆ ಬಂದು ಆಸ್ಪತ್ರೆಯ ಕಡೆ ಹೋಗೋಣ. ‘ಹಾಸ್ಪಿಟಲ್’ ಪದದ ಮೂಲದಲ್ಲಿ ರೋಗವೂ ಇಲ್ಲ, ಔಷಧಿಯೂ ಇಲ್ಲ. ಲ್ಯಾಟಿನ್ನಿನ ‘ಹಾಸ್ಪೆಸ್’ ಎಂದರೆ ಅತಿಥಿ, ಅತಿಥಿಯನ್ನು ಬರಮಾಡಿಕೊಳ್ಳುವವನೂ ಹೌದು. ಯಾತ್ರಿಕರಿಗೆ, ನಿರ್ಗತಿಕರಿಗೆ ಊಟ, ಹಾಸಿಗೆ ಕೊಡುವ ಛತ್ರವೇ ಮೊದಲ ಹಾಸ್ಪಿಟಲ್. ‘ಹೋಟೆಲ್’, ‘ಹಾಸ್ಟೆಲ್’ ಅದರ ಒಡಹುಟ್ಟಿದವರು. ದುಬೈನಂಥ ಹೋಟೆಲುಗಳ ಊರಿನಲ್ಲಿ ಕುಳಿತು ಇದನ್ನು ಓದುವಾಗ ಸ್ವಲ್ಪ ನಗು ಬರುತ್ತದೆ. ಹಾಸ್ಪಿಟಲ್ ನಮ್ಮ ನಾಲಿಗೆಯ ಮೇಲೆ ಉರುಳಿ ‘ಆಸ್ಪತ್ರೆ’ಯಾಯಿತು. ಕಲಬುರಗಿ, ಬೀದರಿನ ಕಡೆ ಅದು ‘ದವಾಖಾನೆ’. ದವಾ ಅರಬ್ಬಿಯ ಔಷಧಿ, ಖಾನೆ ಪಾರಸಿಯ ಮನೆ.

ಈ ಪದಗಳು ಬರುವ ಮೊದಲು ನಮ್ಮಲ್ಲಿ ಅಂಥ ಜಾಗವೇ ಇರಲಿಲ್ಲವೇ? ಇತ್ತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ನೀವು ಹೋಗಿರಬಹುದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳನ್ನು ಓದುವ ಜಾಗ ಅದು. ಜೊತೆಗೆ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ. ಅನ್ನ, ಆಸರೆ, ಔಷಧಿ ಮೂರೂ ಒಂದೇ ಸೂರಿನಡಿ. ಯುರೋಪಿನ ಹಾಸ್ಪಿಟಲ್ ಎಂಬ ಪದದೊಳಗೆ ಅಡಗಿರುವುದೂ ಇದೇ ಕಲ್ಪನೆ. ಎರಡೂ ಕಡೆ ರೋಗಿ ಮೊದಲು ಅತಿಥಿ, ಆಮೇಲೆ ರೋಗಿ.

ಹೊರನಾಡಿನಲ್ಲಿ ರೋಗಿಯಾಗುವ ನಮ್ಮವರ ಕಷ್ಟ ಬೇರೆಯೇ ಬಗೆಯದು. ಅಲ್ ಕೂಜ್‌ನ ಕಾರ್ಮಿಕರ ವಸತಿಗಳಿಗೆ ನಾವು ಕೆಲವು ಸ್ವಯಂಸೇವಕರು ಆಗಾಗ ಹೋಗುತ್ತೇವೆ. ಅರ್ಜಿ ತುಂಬಿಕೊಡುವುದು, ಕ್ಲಿನಿಕ್ಕಿಗೆ ಜೊತೆಗೆ ಹೋಗಿ ಮಾತು ದಾಟಿಸುವುದು, ಇಷ್ಟೇ ನಮ್ಮ ಕೆಲಸ. ಒಮ್ಮೆ ಉತ್ತರ ಕರ್ನಾಟಕದ ಹುಡುಗನೊಬ್ಬನ ಜೊತೆ ಹೋಗಿದ್ದೆ. ನರ್ಸ್ ಹಿಂದಿಯಲ್ಲಿ ಏನಾಗಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ‘ಮೈ ಹುಷಾರ್ ನಹೀ’ ಎಂದುಬಿಟ್ಟ. ಹಿಂದಿಯಲ್ಲಿ ‘ಹೋಶಿಯಾರ್’ ಎಂದರೆ ಜಾಣ. ‘ನಾನು ಜಾಣನಲ್ಲ’ ಎಂದು ರೋಗಿ ಹೇಳಿದಂತಾಯಿತು! ಮೂಲದಲ್ಲಿ ಅದು ಪಾರಸಿ ಪದ. ‘ಹೋಶ್’ ಎಂದರೆ ಪ್ರಜ್ಞೆ, ಎಚ್ಚರ. ಹಿಂದಿಯಲ್ಲಿ ಅದು ಜಾಣತನವಾಯಿತು, ಕನ್ನಡದಲ್ಲಿ ಆರೋಗ್ಯವಾಯಿತು. ನಮಗೆ ಮಾತ್ರ ‘ಹುಷಾರಾಗಿರು’ ಎಂದರೆ ಎಚ್ಚರವಾಗಿರು, ‘ಹುಷಾರಿಲ್ಲ’ ಎಂದರೆ ಮೈಗೆ ಸರಿಯಿಲ್ಲ.

ಕೇರಳದ ಆ ನರ್ಸ್ ನಗಲಿಲ್ಲ. ಅವನ ಮುಖವನ್ನೇ ನೋಡುತ್ತಾ ಮತ್ತೊಮ್ಮೆ ನಿಧಾನವಾಗಿ ಕೇಳಿದರು. ಎಲ್ಲಿ ನೋವು ತೋರಿಸು ಎಂದು ಕೈಸನ್ನೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರು ಆ ಎರಡು ನಿಮಿಷದಲ್ಲಿ ಮಾಡಿದ ಕೆಲಸಕ್ಕೆ ನಮ್ಮಲ್ಲಿ ಒಂದು ಕರಾರುವಾಕ್ಕಾದ ಹೆಸರಿದೆ: ಶುಶ್ರೂಷೆ.

ಈ ಪದದ ಅರ್ಥ ನಿಮಗೆ ಗೊತ್ತೇ? ಸಂಸ್ಕೃತದಲ್ಲಿ ಇಚ್ಛೆಯನ್ನು ಹೇಳುವ ಒಂದು ರೂಪವಿದೆ. ತಿಳಿಯುವ ಬಯಕೆ ಜಿಜ್ಞಾಸೆ, ಕುಡಿಯುವ ಬಯಕೆ ಪಿಪಾಸೆ. ಹಾಗೆಯೇ ‘ಶ್ರು’ ಎಂಬ ಧಾತುವಿನಿಂದ ಬಂದದ್ದು ಶುಶ್ರೂಷೆ, ಎಂದರೆ ಕೇಳಿಸಿಕೊಳ್ಳುವ ಬಯಕೆ. ಗುರುವಿನ ಮಾತು ಕೇಳಲು ಕಾತರದಿಂದ ಹತ್ತಿರ ಕೂರುವ ಶಿಷ್ಯನ ಗುಣಕ್ಕೆ ಮೊದಲು ಈ ಹೆಸರಿತ್ತು. ಅದು ಸೇವೆ ಎಂಬ ಅರ್ಥ ಪಡೆದು, ಕೊನೆಗೆ ರೋಗಿಯ ಸೇವೆಯಾಯಿತು. ‘ಚಿಕಿತ್ಸೆ’ಯೂ ಅದೇ ರೂಪದ್ದು, ಅರಿಯುವ ಬಯಕೆಯಿಂದ ಹುಟ್ಟಿದ್ದು. ಇನ್ನು ದುಬೈನ ಆಸ್ಪತ್ರೆಗಳ ಮೇಲೆ ಅರಬ್ಬಿಯಲ್ಲಿ ಬರೆದಿರುವ ‘ಮುಸ್ತಶ್ಫಾ’ ಪದವನ್ನೇ ನೋಡಿ. ‘ಶಿಫಾ’ ಎಂದರೆ ಗುಣವಾಗುವುದು. ಮುಸ್ತಶ್ಫಾ ಎಂದರೆ ಗುಣವನ್ನು ಅರಸಿ ಬರುವ ಜಾಗ. ಅಲ್ಲಿಯೂ ವ್ಯಾಕರಣ ಒಂದು ಹಂಬಲವನ್ನೇ ಹೇಳುತ್ತದೆ. ಗುಣ ಮಾಡಿಯೇ ತೀರುತ್ತೇವೆ ಎಂದು ಈ ಮೂರು ಪದಗಳಲ್ಲಿ ಒಂದೂ ಮಾತು ಕೊಡುವುದಿಲ್ಲ. ಕೇಳುತ್ತೇವೆ, ತಿಳಿಯುತ್ತೇವೆ, ಹುಡುಕುತ್ತೇವೆ ಎನ್ನುತ್ತವೆ, ಅಷ್ಟೆ.

ಅಚ್ಚಗನ್ನಡದ ‘ಆರೈಕೆ’ ಏನು ಹೇಳುತ್ತದೆ? ಹಳಗನ್ನಡದ ‘ಆರಯ್’ ಎಂಬ ಕ್ರಿಯಾಪದಕ್ಕೆ ಹುಡುಕು, ಪರೀಕ್ಷಿಸು, ಚೆನ್ನಾಗಿ ನೋಡು ಎಂಬ ಅರ್ಥಗಳು, ಜೊತೆಗೆ ಸಲಹು, ಪೋಷಿಸು ಎಂಬ ಅರ್ಥವೂ ಇದೆ. ತಮಿಳಿನಲ್ಲಿ ಇದೇ ಬೇರಿನ ‘ಆರಾಯ್ಚ್ಚಿ’ ಎಂದರೆ ಸಂಶೋಧನೆ. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಮಾಡುವ ಕೆಲಸವೂ, ಜ್ವರ ಬಂದ ಮಗುವಿನ ಪಕ್ಕ ಕುಳಿತು ಅಮ್ಮ ಮಾಡುವ ಕೆಲಸವೂ ಒಂದೇ ಬೇರಿನವು. ರಾತ್ರಿ ಎರಡು ಗಂಟೆಗೆ ಹಣೆ ಮುಟ್ಟಿ, ಉಸಿರು ಗಮನಿಸಿ, ತುಟಿ ಒಣಗಿದೆಯೇ ಎಂದು ನೋಡುವುದು ಸಂಶೋಧನೆಯಲ್ಲದೆ ಮತ್ತೇನು?

‘ಉಪಚಾರ’ ಎಂದರೆ ಹತ್ತಿರದಲ್ಲಿ ಓಡಾಡುವುದು, ‘ಪರಿಚರ್ಯೆ’ ಎಂದರೆ ಸುತ್ತ ಓಡಾಡುವುದು. ಆದರೆ ಉಪಚಾರ ಪದಕ್ಕೆ ಒಂದು ಪೆಟ್ಟು ಬಿದ್ದಿದೆ. ‘ಉಪಚಾರಕ್ಕೆ ಕರೆದರು’ ಎಂದರೆ ಮನಸ್ಸಿಲ್ಲದೆ ಕರೆದರು ಎಂದೇ ಅರ್ಥ. ‘ಔಪಚಾರಿಕ’ ಎಂದರೆ ಬರೀ ಶಿಷ್ಟಾಚಾರ. ಹತ್ತಿರ ಓಡಾಡುವುದು ನಿಂತು ಮಾತು ಮಾತ್ರ ಉಳಿದಾಗ ಪದಕ್ಕೆ ಹೀಗಾಗುತ್ತದೆ. ‘ಟೇಕ್ ಕೇರ್’ ಇಂಗ್ಲಿಷಿನಲ್ಲಿ ಈಗಾಗಲೇ ಆ ದಾರಿ ಹಿಡಿದಿದೆ. ‘ಬೈ’ ಎನ್ನುವಷ್ಟೇ ತೂಕ ಅದಕ್ಕೆ.

ನಮ್ಮಂಥವರ ಬದುಕಿನ ಲೆಕ್ಕ ಇಲ್ಲಿಯೇ ಬರುತ್ತದೆ, ಮಿತ್ರರೇ. ನಮ್ಮ ತಾಯಂದಿರು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದು ಬಾಣಂತನ ಮಾಡಿ ಹೋದರು. ಸೂಟ್‌ಕೇಸಿನಲ್ಲಿ ಶುಂಠಿ, ಓಮ, ಹಳೆಯ ಮೆತ್ತನೆಯ ಸೀರೆ ತಂದರು. ಈಗ ಅವರಿಗೆ ಮುಪ್ಪು ಬಂದಾಗ ನಾವು ಹತ್ತಿರ ಓಡಾಡುವಂತಿಲ್ಲ. ನನ್ನ ತಾಯಿಯ ಹತ್ತಿರ ಓಡಾಡುವುದು ಊರಿನ ಇನ್ನೊಬ್ಬ ತಾಯಿ. ಸಂಬಳಕ್ಕೆ ಬಂದವರು, ಅವರಿಗೂ ಒಂದು ಮನೆಯಿದೆ. ನನ್ನ ನಿಶ್ಚಿಂತೆಗಾಗಿ ಅವರು ಎಚ್ಚರವಾಗಿರುತ್ತಾರೆ. ಇಲ್ಲಿ ನಮ್ಮ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರ ತಾಯಂದಿರೂ ಎಲ್ಲೋ ಯಾರದೋ ಕೈಯಲ್ಲಿದ್ದಾರೆ. ಒಬ್ಬರ ಆರೈಕೆ ಇನ್ನೊಬ್ಬರ ಆರೈಕೆಯ ಮೇಲೆ ನಿಂತಿದೆ. ಇವರಿಗೆ ಸಂಬಳ ಎಷ್ಟು, ರಜೆ ಎಷ್ಟು, ಅವರಿಗೆ ಜ್ವರ ಬಂದರೆ ನೋಡುವವರು ಯಾರು ಎಂದು ಕೇಳುವುದೂ ಆರೈಕೆಯ ಭಾಗವೇ ಎಂದು ನಾನು ನಂಬಿದ್ದೇನೆ.

ದೂರದಿಂದ ಉಪಚಾರ ಮಾಡಲಾಗದು, ಪರಿಚರ್ಯೆ ಮಾಡಲಾಗದು. ಅವೆರಡಕ್ಕೂ ಕಾಲು ಅಲ್ಲಿರಬೇಕು. ಆದರೆ ಶುಶ್ರೂಷೆಗೆ ಕಿವಿ ಸಾಕು. ಆರೈಕೆಗೆ ಸೂಕ್ಷ್ಮವಾಗಿ ಗಮನಿಸುವ ಮನಸ್ಸು ಸಾಕು. ಮುಂದಿನ ಸಲ ಫೋನ್ ಮಾಡಿದಾಗ ‘ಹುಷಾರಾಗಿದ್ದೀಯಾ?’ ಎಂದು ಕೇಳಿ, ‘ಹೂಂ’ ಎಂಬ ಉತ್ತರ ಬಂದ ಕೂಡಲೇ ಮುಂದೆ ಹೋಗಬೇಡಿ. ರಾತ್ರಿ ಎಷ್ಟು ಸಲ ಎದ್ದೆ, ಇವತ್ತು ಏನು ಉಂಡೆ, ಮಾತ್ರೆ ಮುಗಿದಿದೆಯಾ, ದನಿ ಯಾಕೆ ಸಣ್ಣಗಿದೆ ಎಂದು ಆರಯ್ದು ನೋಡಿ. ಹಾಗೆಯೇ ನೋಡಿಕೊಳ್ಳುವವರ ಕೈಗೂ ಫೋನ್ ಕೊಡಿಸಿ, ಅವರ ಹೆಸರು ಹಿಡಿದು ಕರೆದು ಎರಡು ಮಾತು ಕೇಳಿ.

ಆಮೇಲೆ ಬೇಕಿದ್ದರೆ ‘ಟೇಕ್ ಕೇರ್’ ಎನ್ನಿ, ಅಡ್ಡಿಯಿಲ್ಲ.